ಬೈಸಿಕಲ್ ಪ್ರವಾಸದಲ್ಲಿ ಒಂದು ಬಿಡುವಿನ ದಿನ



ಪ್ರವಾಸ ಮಾಡಿ ಬಂದವರು ಸಾಮಾನ್ಯವಾಗಿ ತಾವು ನಡೆದ ದಿನಗಳ ಕಥೆಯನ್ನು ಹೇಳುತ್ತಾರೆ. ಕುಳಿತ ದಿನದ ಕಥೆಯನ್ನು ಹೇಳುವವರು ವಿರಳ. ಎಷ್ಟು ದೂರ ಹೋದಿರಿ, ಯಾವ ಹೊಳೆಯನ್ನು ದಾಟಿದಿರಿ, ಯಾವ ದಿಣ್ಣೆಯನ್ನು ಹತ್ತಿದಿರಿ ಎಂದು ಕೇಳುವುದು ಲೋಕರೂಢಿ. ನಾನು ಈ ಹೊತ್ತು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿರುವುದು ಚಕ್ರವೇ ಉರುಳದಿದ್ದ ಒಂದು ದಿನದ ವಿಚಾರವನ್ನು. ಆ ದಿನ 2024ನೆಯ ಇಸವಿ ಡಿಸೆಂಬರ್ 30, ಸೋಮವಾರ. ಸ್ಥಳ, ಕಲಬುರಗಿ ಜಿಲ್ಲೆಯ ಅಫಜಲಪುರ. ಅಂದು ನಾವು ಒಂದು ಮೈಲಿಯೂ ಮುಂದುವರಿಯಲಿಲ್ಲ. ಆದರೂ ಹದಿಮೂರು ದಿನಗಳ ಆ ಪ್ರವಾಸದಲ್ಲಿ ನಾನು ಕಲಿತದ್ದೇನಾದರೂ ಇದ್ದರೆ ಅದು ಆ ಒಂದು ದಿನ ಕಲಿತದ್ದು.

ನಾವು ಹನ್ನೊಂದು ಮಂದಿ. ನಮ್ಮಲ್ಲಿ ಅತ್ಯಂತ ಕಿರಿಯನು ಇಪ್ಪತ್ತೆರಡು ವರ್ಷದ ವಿದ್ಯಾರ್ಥಿ. ಅತ್ಯಂತ ಹಿರಿಯರು ಅರುವತ್ತೊಂದು ವರ್ಷದ ನಿವೃತ್ತ ಉಪಾಧ್ಯಾಯರು. ಮೈಸೂರಿನಿಂದ ಬೀದರಿಗೆ, ಎಂದರೆ ನಮ್ಮ ನಾಡಿನ ತೆಂಕಣ ಸೆರಗಿನಿಂದ ಬಡಗಣ ಸೆರಗಿಗೆ, ಬೈಸಿಕಲ್ಲಿನ ಮೇಲೆ ಹೋಗುವುದು ಸಂಕಲ್ಪ. ಚಾಮರಾಜನಗರಕ್ಕೂ ಜೇವರ್ಗಿಗೂ ನಡುವೆ ಸಾಗುವ 150ಎ ಎಂಬ ರಾಷ್ಟ್ರೀಯ ಹೆದ್ದಾರಿಯು ಮೈಸೂರಿನ ಮೇಲೆಯೇ ಹಾದುಹೋಗುತ್ತದೆ. ಪಾಂಡವಪುರ, ನಾಗಮಂಗಲ, ಹುಳಿಯಾರು, ಹಿರಿಯೂರು, ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಲಿಂಗಸುಗೂರು, ಸುರಪುರ, ಶಹಾಪುರ ಇವೆಲ್ಲ ಆ ದಾರಿಯ ಊರುಗಳು. ನಮ್ಮ ಹಾಸಿಗೆ, ಬಟ್ಟೆ, ಕುಡಿಯುವ ನೀರು, ಬೈಸಿಕಲ್ಲಿನ ಬಿಡಿಭಾಗಗಳು ಇವನ್ನೆಲ್ಲ ಹೊತ್ತುಕೊಂಡು ಬರುವುದಕ್ಕೆ ಒಂದು ಸಣ್ಣ ಮೋಟಾರುಗಾಡಿಯನ್ನೂ ಅದರ ಚಾಲಕನನ್ನೂ ಬಾಡಿಗೆಗೆ ಗೊತ್ತುಮಾಡಿಕೊಂಡಿದ್ದೆವು. ಈ ಚಾಲಕನನ್ನು ತಾವು ದಯವಿಟ್ಟು ನೆನಪಿನಲ್ಲಿಟ್ಟುಕೊಂಡಿರಬೇಕು, ನಾವು ಮರೆತೆವು.

ಡಿಸೆಂಬರ್ 21ರಂದು ಹೊರಟು ದಿನಕ್ಕೆ ಎಪ್ಪತ್ತು ಎಂಬತ್ತು ಕಿಲೋಮೀಟರಿನಂತೆ ಒಂಬತ್ತು ದಿನ ಎಡೆಬಿಡದೆ ಪೆಡಲು ತುಳಿದೆವು. ದೂರದ ಸವಾರಿಗೆ ಒಂದು ಬಗೆಯ ಅಮಲುಂಟು. ಮೊದಲೆರಡು ದಿನ ತೊಡೆ ನೋಯುತ್ತದೆ, ಕುಳಿತಲ್ಲಿ ಉರಿಯುತ್ತದೆ, ಯಾಕಾದರೂ ಹೊರಟೆನೋ ಎನ್ನಿಸುತ್ತದೆ. ನಾಲ್ಕನೆಯ ದಿನದಿಂದ ದೇಹವು ಯಂತ್ರಕ್ಕೆ ಹೊಂದಿಕೊಂಡು ತಾನೂ ಒಂದು ಯಂತ್ರವಾಗುತ್ತದೆ. ಆಮೇಲೆ ಮನಸ್ಸಿಗೆ ಲೆಕ್ಕವೊಂದೇ ಲಕ್ಷ್ಯ. ಇಂದು ಎಷ್ಟಾಯಿತು, ನಾಳೆ ಎಷ್ಟು, ಇನ್ನು ಉಳಿದದ್ದೆಷ್ಟು. ನಮ್ಮ ತಂಡದಲ್ಲಿ ಈ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು. ಆದುದರಿಂದ ಅಮಲೂ ನನಗೇ ಹೆಚ್ಚಾಗಿ ಏರಿತ್ತು.

ಸಿರುಗುಪ್ಪವನ್ನು ಬಿಟ್ಟ ಮೇಲೆ ತುಂಗಭದ್ರೆ, ತಿಂಥಣಿಯಲ್ಲಿ ಕೃಷ್ಣೆ. ದಾರಿಯುದ್ದಕ್ಕೂ ಮಣ್ಣಿನ ಬಣ್ಣ ಬದಲಾಗುತ್ತ ಬಂದು, ಶಹಾಪುರವನ್ನು ಕಳೆಯುವ ಹೊತ್ತಿಗೆ ಎರಡು ಪಕ್ಕಕ್ಕೂ ಅಪ್ಪಟ ಕರಿಯ ಎರೆಭೂಮಿ. ಎಂಟನೆಯ ರಾತ್ರಿ ಜೇವರ್ಗಿಯಲ್ಲಿ ತಂಗಿದೆವು. ಅಖಂಡೇಶ್ವರ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಷಣ್ಮುಖಸ್ವಾಮಿಗಳ ಊರು ಅದು. ಕಲಬುರಗಿಯಲ್ಲಿ ದಾಸೋಹದಿಂದ ಪ್ರಸಿದ್ಧರಾಗಿ 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿಯೂ ಜೇವರ್ಗಿಯ ಸೀಮೆಗೇ ಸೇರಿದ್ದು. ಅವರು ಹೊಲ ಕಾಯುವಾಗ ಜೋಳದ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ, ತಿನ್ನಲೆಂದು ಬಿಟ್ಟು, ಕುಡಿಯುವುದಕ್ಕೆ ನೀರನ್ನೂ ಇಡುತ್ತಿದ್ದರೆಂದು ಆ ಕಡೆಯ ಜನ ಈಗಲೂ ಹೇಳುತ್ತಾರೆ. ಒಂಬತ್ತನೆಯ ದಿನ ಹೆದ್ದಾರಿಯನ್ನು ಬಿಟ್ಟು ಪಡುವಣಕ್ಕೆ ತಿರುಗಿ, ಭೀಮಾನದಿಯನ್ನು ದಾಟಿ, ಆಳಂದದ ಕಡೆಯಿಂದ ಹರಿದುಬರುವ ಅಮರ್ಜೆಯು ಭೀಮೆಯನ್ನು ಕೂಡುವ ಗಾಣಗಾಪುರದ ಸಂಗಮವನ್ನು ನೋಡಿಕೊಂಡು, ಸಂಜೆಗೆ ಅಫಜಲಪುರವನ್ನು ಸೇರಿದೆವು.

ಹೊರಡುವ ಮೊದಲು ಬರೆದುಕೊಂಡಿದ್ದ ಕ್ರಮಪಟ್ಟಿಯಲ್ಲಿ ಹತ್ತನೆಯ ದಿನದ ಮುಂದೆ ‘ಬಿಡುವು’ ಎಂಬ ಒಂದೇ ಮಾತಿತ್ತು. ಆ ರಾತ್ರಿ ಊಟವಾದ ಮೇಲೆ ನಾನು ಆ ಮಾತನ್ನು ಹೊಡೆದುಹಾಕಬೇಕೆಂದು ಸಲಹೆ ಮಾಡಿದೆನು. ಎಲ್ಲರೂ ಗಟ್ಟಿಯಾಗಿದ್ದೇವೆ, ಹವೆ ತಂಪಾಗಿದೆ, ನಾಳೆಯೇ ಆಳಂದಕ್ಕೆ ಹೋಗಿಬಿಟ್ಟರೆ ಉಳಿದ ಒಂದು ದಿನವನ್ನು ಬಸವಕಲ್ಯಾಣಕ್ಕೆ ಕೊಡಬಹುದು ಎಂಬುದು ನನ್ನ ವಾದ. ಉಪಾಧ್ಯಾಯರು ಮಾತ್ರ, “ನಿಮಗೆ ಮೊಣಕಾಲು ಎಷ್ಟಿದೆ?” ಎಂದು ಕೇಳಿದರು. ಎಲ್ಲರೂ ನಕ್ಕರು, ನಾನು ಸುಮ್ಮನಾದೆನು. ಏಕೆಂದರೆ ಹಲವು ವರ್ಷಗಳ ಹಿಂದೆ ಹೀಗೆಯೇ ಹಟ ಹಿಡಿದು, ಬಿಡುವಿಲ್ಲದೆ ಆರು ದಿನ ತುಳಿದು, ಏಳನೆಯ ದಿನ ಬಲಮೊಣಕಾಲು ಕುಂಬಳಕಾಯಿಯಂತೆ ಊದಿ, ಬೈಸಿಕಲ್ಲನ್ನು ಬಸ್ಸಿನ ತಲೆಯ ಮೇಲೆ ಕಟ್ಟಿಸಿಕೊಂಡು ಮನೆಗೆ ಹಿಂದಿರುಗಿದವನು ನಾನೇ. ಆ ಕಥೆ ತಂಡಕ್ಕೆಲ್ಲ ಗೊತ್ತಿತ್ತು. ಬಿಡುವು ಪಟ್ಟಿಯಲ್ಲಿ ಉಳಿಯಿತು.

ಈ ಬಿಡುವಿನ ಅವಶ್ಯಕತೆ ಏನೆಂಬುದನ್ನು ಸ್ವಲ್ಪ ವಿವರಿಸುವುದು ಉಚಿತ. ದಿನವೆಲ್ಲ ತುಳಿದಾಗ ನಮ್ಮ ಸ್ನಾಯುಗಳಲ್ಲಿ ಎರಡು ಸಂಗತಿಗಳು ನಡೆಯುತ್ತವೆ. ಮೊದಲನೆಯದು, ಉಗ್ರಾಣ ಬರಿದಾಗುವುದು. ನಾವು ತಿಂದ ರೊಟ್ಟಿ ಅನ್ನಗಳ ಪಿಷ್ಟವು ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸಂಗ್ರಹವಾಗಿರುತ್ತದೆ. ಈ ಸಂಗ್ರಹವೆಲ್ಲ ಸೇರಿದರೂ ಅರ್ಧ ಕಿಲೋಗ್ರಾಮಿನ ಆಸುಪಾಸು. ಕೆಲವು ಗಂಟೆಗಳ ಬಿರುಸು ಸವಾರಿಯಲ್ಲಿ ಅದು ತೀರಿಹೋಗುತ್ತದೆ. ಮತ್ತೆ ತುಂಬಬೇಕಾದರೆ ಹೊಟ್ಟೆತುಂಬ ಊಟವೂ ಹೆಚ್ಚುಕಡಮೆ ಒಂದು ಹಗಲು ಒಂದು ರಾತ್ರಿಯ ಕಾಲವೂ ಬೇಕು. ಎರಡನೆಯದು, ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಹರಿವುಗಳುಂಟಾಗುವುದು. ದೇಹವು ಇವನ್ನು ಹೊಲಿಯುವುದು ನಾವು ವಿಶ್ರಮಿಸುತ್ತಿರುವಾಗ, ವಿಶೇಷವಾಗಿ ನಿದ್ರೆಯಲ್ಲಿ. ಹೊಲಿಯುವಾಗ ಮೊದಲಿಗಿಂತ ಒಂದು ಪಟ್ಟು ಬಲವಾಗಿಯೇ ಹೊಲಿಯುತ್ತದೆ. ಆದುದರಿಂದ ವ್ಯಾಯಾಮದಿಂದ ಬಲ ಬರುತ್ತದೆಂದು ನಾವು ಹೇಳುವ ಮಾತು ಅರ್ಧ ಮಾತ್ರ ನಿಜ. ವ್ಯಾಯಾಮವು ಬಲವನ್ನು ಕೇಳುತ್ತದೆ, ಕೊಡತಕ್ಕದ್ದು ಬಿಡುವು.

ದೂರದ ಸವಾರಿಯಲ್ಲಿ ಹೆಸರಾದವರು ಇದನ್ನು ಮೊದಲಿನಿಂದಲೂ ಬಲ್ಲವರು. ಫ್ರಾನ್ಸ್ ದೇಶವನ್ನು ಸುತ್ತುವ ಪ್ರಖ್ಯಾತವಾದ ಬೈಸಿಕಲ್ ಪಂದ್ಯವು 1903ರಲ್ಲಿ ಮೊದಲ ಸಲ ನಡೆದಾಗ ಸುಮಾರು 2,428 ಕಿಲೋಮೀಟರು ದೂರವನ್ನು ಆರೇ ಹಂತಗಳಾಗಿ ವಿಂಗಡಿಸಿದ್ದರು. ಪ್ಯಾರಿಸಿನಿಂದ ಲಿಯೋನ್ ನಗರಕ್ಕೆ ಮೊದಲ ಹಂತವೇ 467 ಕಿಲೋಮೀಟರು! ರಾತ್ರಿಯನ್ನೂ ಹಗಲನ್ನೂ ಒಂದುಮಾಡಿ ತುಳಿಯಬೇಕು. ಆದರೆ ಒಂದು ಹಂತಕ್ಕೂ ಮತ್ತೊಂದಕ್ಕೂ ನಡುವೆ ದಿನಗಟ್ಟಲೆ ಬಿಡುವು. ಇಂದಿಗೂ ಇಪ್ಪತ್ತೊಂದು ಹಂತಗಳ ಆ ಪಂದ್ಯದಲ್ಲಿ ವಾಡಿಕೆಯಾಗಿ ಎರಡು ದಿನ ಪೂರ್ಣ ಬಿಡುವುಂಟು. ಆ ದಿನವೂ ಸ್ಪರ್ಧಿಗಳು ಕಾಲು ಜಡವಾಗದಿರಲೆಂದು ಒಂದೆರಡು ಗಂಟೆ ಮೆಲ್ಲಗೆ ಸವಾರಿ ಮಾಡಿ ಬರುತ್ತಾರೆ.

ನಮ್ಮ ದೇಶದ ನಿದರ್ಶನವೇ ಬೇಕೆಂದರೆ ಮುಂಬಯಿಯ ಆರು ಮಂದಿ ಪಾರಸಿ ತರುಣರದುಂಟು. ಅವರು 1923ರ ಅಕ್ಟೋಬರ್ 15ರಂದು ಬೈಸಿಕಲ್ಲಿನ ಮೇಲೆ ಭೂಪ್ರದಕ್ಷಿಣೆಗೆ ಹೊರಟರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಂಗಾರಾ ಎಂಬ ಮೂವರು ಪ್ರದಕ್ಷಿಣೆಯನ್ನು ಪೂರೈಸಿ 1928ರ ಮಾರ್ಚ್ 18ರಂದು ಮುಂಬಯಿಗೆ ಹಿಂದಿರುಗಿದರು. ಅವರು ಕ್ರಮಿಸಿದ ದಾರಿ ಸುಮಾರು 71,000 ಕಿಲೋಮೀಟರು. ಕೇಳಿದರೆ ತಲೆ ತಿರುಗುವ ಸಂಖ್ಯೆ. ಆದರೆ ಲೆಕ್ಕದ ಪುಸ್ತಕದವನಾದ ನಾನು ಅದನ್ನು ಅವರು ಹೊರಗೆ ಕಳೆದ ದಿನಗಳಿಂದ ಭಾಗಿಸಿ ನೋಡಿದೆನು. ದಿನಕ್ಕೆ ಬಂದದ್ದು ನಲವತ್ತನಾಲ್ಕು ಕಿಲೋಮೀಟರು. ನಮ್ಮ ದಿನದ ದಾರಿಗಿಂತ ಎಷ್ಟೋ ಕಡಮೆ. ಮರುಭೂಮಿಗಳನ್ನು ದಾಟಿದ ಆ ಧೀರರು ದಿನವೂ ಓಡಿದವರಲ್ಲ. ನಿಲ್ಲಬೇಕಾದಲ್ಲಿ ನಿಂತು, ನಡೆಯಬೇಕಾದಲ್ಲಿ ನಡೆದವರು. ಭೂಮಿಯನ್ನು ಸುತ್ತುವಷ್ಟು ದೂರ ಹೋಗಬೇಕಾದವನಿಗೆ ಅವಸರ ಸಲ್ಲದು.

ಸರಿ, ಸೋಮವಾರ ಬೆಳಗಾಯಿತು. ಎಂಟು ಗಂಟೆಯವರೆಗೆ ಮಲಗಿದೆವು. ಬಟ್ಟೆ ಒಗೆದುಕೊಂಡೆವು. ಒಂಬತ್ತು ದಿನದ ಧೂಳನ್ನು ಬೈಸಿಕಲ್ಲುಗಳಿಂದ ತೊಳೆದು, ಸರಪಣಿಗೆ ಎಣ್ಣೆ ಬಿಟ್ಟು, ಬ್ರೇಕಿನ ರಬ್ಬರು ಸವೆದಿದ್ದರೆ ಬದಲಾಯಿಸಿ, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮಿಡಿದು ನೋಡಿದೆವು. ಸಡಿಲವಾದ ಕಡ್ಡಿ ಮಂದವಾಗಿ ನುಡಿಯುತ್ತದೆ. ಟೈರುಗಳಲ್ಲಿ ಕಚ್ಚಿಕೊಂಡಿದ್ದ ಜಾಲಿಯ ಮುಳ್ಳುಗಳನ್ನು ಕಿತ್ತೆವು. ಹೀಗೆ ಕೀಳುತ್ತಿರುವಾಗ ನಮ್ಮ ವಿದ್ಯಾರ್ಥಿಯ ಹಿಂಚಕ್ರದ ಟೈರು ಪಕ್ಕದಲ್ಲಿ ಬೆರಳುದ್ದ ಸೀಳಿರುವುದು ಕಂಡಿತು. ನಮ್ಮ ಹತ್ತಿರವಿದ್ದ ಹೆಚ್ಚಿನ ಟೈರು ಬಳ್ಳಾರಿಯಲ್ಲಿಯೇ ಖರ್ಚಾಗಿತ್ತು. ಆ ಅಳತೆಯದು ಸಿಕ್ಕಿದರೆ ಕಲಬುರಗಿಯಲ್ಲಿ ಸಿಕ್ಕಬೇಕು. ನಾನು ಗಾಡಿಯ ಚಾಲಕನನ್ನು ಕರೆದು, ಹಳೆಯ ಟೈರನ್ನು ಮಾದರಿಗಾಗಿ ಕೊಟ್ಟು, “ಹೋಗಿ ತಂದುಬಿಡಪ್ಪ, ಹೇಗಿದ್ದರೂ ಇವತ್ತು ನಮಗೆ ಬಿಡುವು” ಎಂದೆನು. ಅವನು ಚಹವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೊರಟನು. ನಾನು ಆಡಿದ ಮಾತಿನಲ್ಲಿ ಏನೋ ಕೊರತೆಯಿದೆಯೆಂದು ಆಗ ಒಬ್ಬರಿಗೂ ಹೊಳೆಯಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಊರು ನೋಡೋಣವೆಂದು ಹೊರಬಿದ್ದರೆ ಊರೇ ಖಾಲಿಯಾಗುತ್ತಿತ್ತು. ಅಂಗಡಿಗಳು ಬಾಗಿಲು ಹಾಕಿದ್ದವು. ಹೊಸ ಬಟ್ಟೆ ತೊಟ್ಟ ಹೆಂಗಸರೂ ಮಕ್ಕಳೂ ಬುತ್ತಿಯ ಬುಟ್ಟಿಗಳನ್ನು ಹೊತ್ತುಕೊಂಡು ಹೊಲಗಳ ದಿಕ್ಕಿಗೆ ಸಾಗುತ್ತಿದ್ದರು. ವಿಚಾರಿಸಲಾಗಿ, ಅಂದು ಎಳ್ಳಮಾವಾಸ್ಯೆ. ನಮ್ಮ ಮೈಸೂರು ಸೀಮೆಯಲ್ಲಿ ಈ ಹಬ್ಬದ ಸಡಗರ ಅಷ್ಟಾಗಿ ಕಾಣದು. ಕಲಬುರಗಿ, ಬೀದರ್, ವಿಜಯಪುರದ ಕಡೆ ಅದು ದೊಡ್ಡ ಹಬ್ಬ. ಮಾರ್ಗಶಿರ ಮಾಸದ ಅಮಾವಾಸ್ಯೆಯ ದಿನ, ಹಿಂಗಾರಿಯ ಪೈರು ಎದೆಯುದ್ದ ಬೆಳೆದು ನಿಂತಿರುವಾಗ, ಒಕ್ಕಲು ಮನೆಯವರೆಲ್ಲ ಹೊಲಕ್ಕೆ ಹೋಗಿ, ಬೆಳೆಯ ನಡುವೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತಲೂ ಚರಗ ಚೆಲ್ಲಿ, ಬಂಧುಬಳಗದೊಂದಿಗೆ ಅಲ್ಲಿಯೇ ಉಣ್ಣುತ್ತಾರೆ. ಚರಗವೆಂದರೆ ಭೂಮಿತಾಯಿಗೆ ಎಡೆಯ ಅನ್ನವನ್ನು ಎರಚುವುದು.

ನಾವು ಸುಮ್ಮನೆ ಅವರ ಹಿಂದೆ ಕಾಲುಹಾದಿಯಲ್ಲಿ ನಡೆದೆವು. ಅರ್ಧ ಮೈಲಿ ಹೋಗುವುದರೊಳಗೆ ಒಂದು ಹೊಲದಿಂದ ಕೂಗು ಬಂತು. “ಯಾ ಊರವರಿ? ಹಬ್ಬದ ದಿನ ಹಂಗ ಮುಂದ ಹೋಗಬ್ಯಾಡ್ರಿ, ಬರ್ರಿ ಈ ಕಡಿ.” ಕರೆದವರು ಎಪ್ಪತ್ತು ದಾಟಿದ ಒಬ್ಬ ಮುದುಕರು. ತಲೆಗೆ ಬಿಳಿಯ ರುಮಾಲು, ಕೈಯಲ್ಲಿ ಒಂದು ಬಾರುಕೋಲು. ಕೋಲಿನಿಂದ ಮಾಡುವ ಕೆಲಸ ಮಾತ್ರ ಅಂದು ಏನೂ ಇರಲಿಲ್ಲ. ನಾವು ಹನ್ನೊಂದು ಜನ, ಹೊರೆಯಾದೀತೆಂದು ಹಿಂಜರಿದೆವು. “ನೂರ ಒಂದು ಇರ್ರಿ, ಏನಾಯ್ತೀಗ?” ಎಂದರು.

ಹೊಲದ ಒಂದು ಪಾಲು ತೊಗರಿ, ಒಣಗಿ ಕೊಯ್ಲಿಗೆ ಸಿದ್ಧವಾಗಿತ್ತು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿರುವುದನ್ನು ತಾವು ಬಲ್ಲಿರಿ. ಉಳಿದ ಪಾಲು ಬಿಳಿಜೋಳ, ತೆನೆ ಹಿರಿಯುತ್ತಿತ್ತು, ಅಂಚಿನಲ್ಲಿ ಕುಸುಬೆ. ಬನ್ನಿಯ ಮರದ ನೆರಳಿನಲ್ಲಿ ಕಂಬಳಿ ಹಾಸಿ ಕುಳ್ಳಿರಿಸಿದರು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಹತ್ತಾರು ಬಗೆಯ ಕಾಯಿ ಸೊಪ್ಪು ಕಾಳುಗಳನ್ನು ಒಂದುಗೂಡಿಸಿ ಬೇಯಿಸಿದ ಭಜ್ಜಿ, ಎಣ್ಣೆಗಾಯಿ ಬದನೆ, ಶೇಂಗಾ ಹೋಳಿಗೆ, ಕಡುಬು, ಕೊನೆಗೆ ಮಣ್ಣಿನ ಗಡಿಗೆಯಲ್ಲಿ ತಣ್ಣಗಿದ್ದ ಅಂಬಲಿ. ಬರಿದಾದ ಉಗ್ರಾಣವೆಂದು ಆಗಲೇ ಹೇಳಿದೆನಷ್ಟೆ. ಅದು ತುಂಬುವುದಕ್ಕೆ ಇದಕ್ಕಿಂತ ಉತ್ತಮವಾದ ಸಾಮಗ್ರಿಯನ್ನು ಯಾವ ವೈದ್ಯನೂ ಬರೆದುಕೊಡಲಾರನು.

ಊಟ ಮಾಡುತ್ತ ನಾನು ಒಂದು ಸಂಗತಿಯನ್ನು ಗಮನಿಸಿದೆನು. ಕೊಂಬಿಗೆ ಬಣ್ಣ ಬಳಿದ ಒಂದು ಜೊತೆ ಬಿಳಿಯ ಎತ್ತು ಬದುವಿನ ಮೇಲೆ ಮೇಯುತ್ತಿದ್ದವು. ಆದರೆ ಗಾಡಿ ಎಲ್ಲಿಯೂ ಕಾಣಲಿಲ್ಲ. ಬುತ್ತಿ ಬಂದಿದ್ದುದು ಮಗನ ಟ್ರ್ಯಾಕ್ಟರಿನಲ್ಲಿ. ಇದೇನೆಂದು ಕೇಳಿದಾಗ ಮುದುಕರು ಹೇಳಿದರು: “ಬ್ಯಾರೆ ವರ್ಷ ಗಾಡಿ ಕಟಗೊಂಡೇ ಬರ್ತೀವ್ರಿ. ಈ ಸಲ ಅಮಾಸಿ ಸೋಮವಾರ ಬಂತು. ಸೋಮವಾರ ಬಸವಣ್ಣನ ಹೆಗಲ ಮ್ಯಾಲ ನೊಗ ಇಡಂಗಿಲ್ಲ. ಅದಕ್ಕ ಬರೇ ಮೈಲೆ ಹೊಡಕೊಂಡು ಬಂದೀನಿ.”

ಶ್ರೋತೃಗಳಲ್ಲಿ ಉತ್ತರ ಕರ್ನಾಟಕದವರಿಗೆ ಇದು ಹೊಸ ಮಾತಲ್ಲ. ಸೋಮವಾರ ಎತ್ತು ಹೂಡಬಾರದೆಂಬುದು ಅಲ್ಲಿ ಬಹಳ ಕಾಲದಿಂದ ನಡೆದುಬಂದಿರುವ ನಡವಳಿಕೆ. ಎತ್ತು ಶಿವನ ವಾಹನ, ಸೋಮವಾರ ಶಿವನ ವಾರ. ಕಾಯಕವೇ ಕೈಲಾಸವೆಂದು ಸಾರಿದ ಶರಣರ ನಾಡು ಅದು. ಅಂಥ ನಾಡಿನಲ್ಲಿ ಕಾಯಕಕ್ಕೆ ಅತ್ಯಂತ ಹತ್ತಿರದ ಪ್ರಾಣಿಗೆ ವಾರಕ್ಕೊಂದು ದಿನ ಬಿಡುವನ್ನು ಧರ್ಮವೆಂದು ಕಟ್ಟಿಟ್ಟಿದ್ದಾರೆ. ನಾನು ಮೈಸೂರಿನವನ ಜಾಣತನದಿಂದ, “ಬಿತ್ತನೆಯ ಹದ ಸೋಮವಾರವೇ ಬಂದರೆ ಏನು ಮಾಡುತ್ತೀರಿ? ಹದ ತಪ್ಪುವುದಿಲ್ಲವೆ?” ಎಂದು ಕೇಳಿದೆನು. “ಒಂದೊಂದು ಸಲ ತಪ್ಪತದ,” ಎಂದರು ಮುದುಕರು. “ತಪ್ಪಿದ್ರ ತಪ್ಪಲಿ. ಎತ್ತು ತಾನಾಗಿ ಸಾಕು ಅಂತ ಹೇಳಂಗಿಲ್ಲ ಯಪ್ಪಾ. ನೊಗ ಯಾರ ಕೈಯಾಗ ಅದ, ಅವನೇ ಇಳಸಬೇಕು.”

ಎತ್ತಿಗೆ ಮಾತ್ರವಲ್ಲ, ಆ ಸೀಮೆಯಲ್ಲಿ ಹೊಲಕ್ಕೂ ಬಿಡುವುಂಟೆಂಬುದನ್ನು ಅವರಿಂದಲೇ ತಿಳಿದೆವು. ಮುಂಗಾರಿನ ಮಳೆ ಬೀಳುತ್ತಿರುವಾಗ ಹಿಂಗಾರಿ ಜೋಳದ ಹೊಲದಲ್ಲಿ ಏನನ್ನೂ ಬಿತ್ತುವುದಿಲ್ಲ. ಕುಂಟೆ ಹೊಡೆದು, ಕಳೆ ತೆಗೆದು, ಬರಿದಾಗಿ ಬಿಡುತ್ತಾರೆ. ನೋಡುವವನಿಗೆ ಅದು ಸೋಮಾರಿ ಹೊಲ. ಆದರೆ ಎರೆಮಣ್ಣಿನಲ್ಲಿ ಜೇಡಿಯ ಅಂಶ ಬಹಳ. ಅದು ನೀರು ಕುಡಿದು ಉಬ್ಬಿಕೊಂಡು, ಮೀಟರು ಆಳದಲ್ಲಿ 150ರಿಂದ 200 ಮಿಲಿಮೀಟರು ಮಳೆಯಷ್ಟು ತೇವವನ್ನು ಪೈರಿಗಾಗಿ ಕೂಡಿಟ್ಟುಕೊಳ್ಳಬಲ್ಲದು. ಮಳೆಗಾಲ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಕೂರಿಗೆಯಿಂದ ಜೋಳ ಬಿತ್ತುತ್ತಾರೆ. ಆಮೇಲೆ ಒಂದು ಹನಿ ಮಳೆ ಬೀಳದಿದ್ದರೂ ಪೈರು ಆ ಕೂಡಿಟ್ಟ ತೇವವನ್ನೇ ಕುಡಿದು, ಚಳಿಗಾಲದ ಇಬ್ಬನಿಯಲ್ಲಿ ತೆನೆ ಕಟ್ಟುತ್ತದೆ. ನಾವು ತಿಂದ ರೊಟ್ಟಿಯು ಭೂಮಿಯ ಬಿಡುವಿನಲ್ಲಿ ಹುಟ್ಟಿದ ರೊಟ್ಟಿ. ನಮ್ಮ ಸ್ನಾಯುವಿನ ಉಗ್ರಾಣಕ್ಕೂ ಆ ಕರಿಮಣ್ಣಿನ ಉಗ್ರಾಣಕ್ಕೂ ನಿಯಮ ಒಂದೇ ಎಂದು ತೋರಿ, ಹಿಂದಿನ ರಾತ್ರಿಯ ನನ್ನ ವಾದಕ್ಕಾಗಿ ನಾನೇ ನಾಚಿದೆನು. ನಿಜವಾಗಿ ನಾಚಬೇಕಾದ ಸಂಗತಿ ಇನ್ನೂ ಮುಂದಿತ್ತು.

ಊಟ ಮುಗಿಯುತ್ತ ಬಂದಿತ್ತು. ಮುದುಕರ ಹೆಂಡತಿ ಅಂಬಲಿ ಬಡಿಸುತ್ತ ನಮ್ಮನ್ನು ಎಣಿಸಿ, “ಅಷ್ಟು ದೂರದಿಂದ ಬಂದೀರಿ, ಹಾಸಿಗಿ ಬಟ್ಟಿ ಯಾರು ತರ್ತಾರ?” ಎಂದು ಕೇಳಿದರು. ಒಂದು ಗಾಡಿಯಿದೆ ಎಂದೆವು. “ಗಾಡಿ ಹೊಡಿಯಾವ ಎಲ್ಲಿ? ಅವ ಉಣ್ಣಾಕ ಬರಲಿಲ್ಲೇನ?” ನಮ್ಮಲ್ಲಿ ಯಾರೂ ತಕ್ಷಣ ಉತ್ತರ ಹೇಳಲಿಲ್ಲ. ಕೊನೆಗೆ ವಿದ್ಯಾರ್ಥಿಯು ಮೆಲ್ಲಗೆ, “ಟೈರು ತರಲಿಕ್ಕೆ ಕಲಬುರಗಿಗೆ ಹೋಗಿದ್ದಾನೆ ತಾಯಿ” ಎಂದನು. ಆಕೆ, “ಇವತ್ತ? ಹಬ್ಬದ ದಿನ?” ಎಂದಷ್ಟೇ ಅಂದು ಮುಂದಿನ ಎಲೆಗೆ ಹೋದರು. ಮುದುಕರು ಏನೂ ಹೇಳಲಿಲ್ಲ. ಎತ್ತುಗಳ ಕಡೆ ನೋಡುತ್ತ ಕುಳಿತಿದ್ದರು.

ಆಗ ನಾನು ಮನಸ್ಸಿನೊಳಗೆ ಆ ಒಂಬತ್ತು ದಿನಗಳ ಲೆಕ್ಕವನ್ನು ಬೇರೆ ರೀತಿಯಲ್ಲಿ ಹಾಕಿದೆನು. ಬೆಳಗ್ಗೆ ನಾವು ಏಳುವುದಕ್ಕೆ ಮೊದಲೇ ಚಾಲಕನು ಎದ್ದು ಸಾಮಾನು ಏರಿಸಿರುತ್ತಿದ್ದನು. ಹಗಲೆಲ್ಲ ನಮ್ಮ ಹಿಂದೆ ಆಮೆಯ ವೇಗದಲ್ಲಿ, ಲಾರಿಗಳ ಬೈಗುಳ ಕೇಳಿಕೊಂಡು, ಬಿಸಿಲಿನಲ್ಲಿ ಗಾಡಿ ಹೊಡೆಯುತ್ತಿದ್ದನು. ಸಂಜೆ ನಾವು ಕಾಲು ಚಾಚಿದ ಮೇಲೆ ನೀರಿನ ಕ್ಯಾನು ತುಂಬಿಸುವುದು, ಗಾಡಿಗೆ ಎಣ್ಣೆ ಹಾಕಿಸುವುದು, ನಮ್ಮ ಔಷಧ ತರುವುದು ಎಲ್ಲವೂ ಅವನದೇ. ನನ್ನ ಪುಸ್ತಕದಲ್ಲಿ ನಮ್ಮ ಪ್ರತಿಯೊಂದು ಕಿಲೋಮೀಟರಿಗೂ ದಾಖಲೆಯಿತ್ತು. ಅವನ ಹೆಸರು ಖರ್ಚಿನ ಕಲಮಿನಲ್ಲಿ ಮಾತ್ರ ಇತ್ತು. ಬಿಡುವಿನ ದಿನ ಬೇಕೆ ಬೇಡವೆ ಎಂದು ರಾತ್ರಿ ಅಷ್ಟು ಚರ್ಚೆ ಮಾಡಿದೆವಲ್ಲ, ಆ ಚರ್ಚೆಯಲ್ಲಿ ಅವನು ಇರಲೇ ಇಲ್ಲ. ಆಗ ಅವನು ಅಂಗಳದಲ್ಲಿ ಗಾಡಿಯ ಗಾಜು ಒರೆಸುತ್ತಿದ್ದನು.

ಕೂಡಲೇ ಅವನಿಗೆ ಟೆಲಿಫೋನು ಮಾಡಿ, ಟೈರು ಸಿಕ್ಕಲಿ ಬಿಡಲಿ ಹಿಂದಿರುಗಿ ಬರುವಂತೆ ಹೇಳಿದೆನು. ಹಬ್ಬದ ಕಾರಣ ಅಲ್ಲಿಯೂ ಅಂಗಡಿಗಳು ಮುಚ್ಚಿದ್ದವಂತೆ. ಬಾಗಿಲಿಂದ ಬಾಗಿಲಿಗೆ ಅಲೆದು, ಒಬ್ಬ ಅಂಗಡಿಯವರ ಮನೆಯನ್ನೇ ಹುಡುಕಿಕೊಂಡು ಹೋಗಿದ್ದಾನೆಂದು ತಿಳಿಯಿತು. “ಇನ್ನೊಂದು ಗಳಿಗೆ ಸಾರ್, ತೆಗೆಸಿಕೊಂಡೇ ಬರುತ್ತೇನೆ, ಹುಡುಗ ನಾಳೆ ಹೇಗೆ ತುಳಿಯುತ್ತಾನೆ?” ಎಂದನು. ಊಟವಾಯಿತೆ ಎಂದು ಕೇಳಿದೆನು. ಹೋಟೆಲು ಯಾವುದೂ ತೆರೆದಿಲ್ಲ ಎಂದನು. ಹೋಗಿಬರುವ ದಾರಿ ನೂರು ಕಿಲೋಮೀಟರಿಗೂ ಮಿಗಿಲು. ಅವನು ಅಫಜಲಪುರವನ್ನು ಸೇರಿದಾಗ ದೀಪ ಹತ್ತುವ ಹೊತ್ತಾಗಿತ್ತು.

ಹೊಲದಿಂದ ಹೊರಡುವಾಗ ಆ ತಾಯಿ ಕೇಳದೆಯೇ ಒಂದು ಪಾವುಡದಲ್ಲಿ ರೊಟ್ಟಿ, ಭಜ್ಜಿ, ಹೋಳಿಗೆಗಳನ್ನು ಕಟ್ಟಿ, “ಅವನ ಪಾಲು” ಎಂದು ಕೊಟ್ಟಿದ್ದರು. ಇನ್ನೂ ಒಂದು ಮಾತು ಹೇಳಲೇಬೇಕು. ಆಕೆಯೂ ಇಬ್ಬರು ಸೊಸೆಯಂದಿರೂ ಹಿಂದಿನ ದಿನದಿಂದ ಒಲೆಯ ಮುಂದೆಯೇ ಇದ್ದು ಈ ಅಡಿಗೆಯನ್ನು ಮಾಡಿದವರು. ಎಲ್ಲರಿಗೂ ಬಡಿಸಿ, ತಾವಿನ್ನೂ ಕುಳಿತಿರಲಿಲ್ಲ. ಉಪಾಧ್ಯಾಯರು ಎದ್ದು ನಿಂತು, “ಈಗ ನಾವು ಬಡಿಸುತ್ತೇವೆ, ನೀವು ಕುಳಿತುಕೊಳ್ಳಿ ಅಮ್ಮ” ಎಂದರು. ಗಂಡಸರು ಬಡಿಸುವುದೆಂದರೇನೆಂದು ಸೊಸೆಯಂದಿರು ಸೆರಗು ಬಾಯಿಗಿಟ್ಟು ನಕ್ಕರು. ಮುದುಕರೇ, “ಕೂಡ್ರಿ, ಕೂಡ್ರಿ, ಇವತ್ತ ಸೋಮವಾರ” ಎಂದು ಗದರಿಸಿ ಕೂರಿಸಿದರು. ನಾವು ಬಡಿಸಿದೆವು. ಭಜ್ಜಿಯನ್ನು ಹೋಳಿಗೆಯ ಮೇಲೆ ಚೆಲ್ಲಿದ ಕೀರ್ತಿ ನನ್ನದು. ಪಾತ್ರೆಗಳನ್ನು ಪಕ್ಕದ ಬಾವಿಯಲ್ಲಿ ತೊಳೆದುಕೊಟ್ಟೆವು. ಒಂಬತ್ತು ದಿನದ ಸವಾರಿಯಲ್ಲಿ ಬಾರದ ಸೊಂಟನೋವು ಆ ಒಂದು ಗಂಟೆಯಲ್ಲಿ ಬಂತು.

ರಾತ್ರಿ ಚಾಲಕನು ಉಂಡ ಮೇಲೆ ನಾನು ಅವನ ಹತ್ತಿರ ಕುಳಿತು ತಪ್ಪಾಯಿತೆಂದೆನು. ಅವನಿಗೆ ಏನು ಹೇಳಬೇಕೆಂದು ತೋಚಲಿಲ್ಲ. “ಬಿಡಿ ಸಾರ್, ಬಾಡಿಗೆ ಮಾತಾಡಿದ ಮೇಲೆ ಕೆಲಸ ಕೆಲಸವೇ” ಎಂದನು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ನಾವು ಹನ್ನೊಂದು ಮಂದಿ ಆಲೋಚಿಸಿ, ಮರುದಿನ ಆಳಂದಕ್ಕೆ ಹೋದ ಮೇಲೆ ಅಲ್ಲಿ ಇನ್ನೊಂದು ದಿನ ನಿಲ್ಲುವುದೆಂದು ನಿಶ್ಚಯಿಸಿದೆವು. ಆ ದಿನ ಗಾಡಿಯ ಬೀಗದ ಕೈ ಉಪಾಧ್ಯಾಯರ ಜೇಬಿನಲ್ಲಿರತಕ್ಕದ್ದು, ಯಾರು ಕೇಳಿದರೂ ಕೊಡಕೂಡದು ಎಂದು ನಿಯಮವಾಯಿತು. ನಾನು ಆಸೆಪಟ್ಟಿದ್ದ ಬಸವಕಲ್ಯಾಣದ ಹೆಚ್ಚಿನ ದಿನ ಕೈಬಿಟ್ಟಿತು. ಆಳಂದದಲ್ಲಿ ಚಾಲಕನು ಹನ್ನೆರಡು ಗಂಟೆಯವರೆಗೆ ನಿದ್ರೆ ಮಾಡಿದನು. ಸಂಜೆ ಅವನೇ ನಮ್ಮೊಡನೆ ಲಾಡ್ಲೆ ಮಶಾಯಿಕರ ದರ್ಗದ ಕಡೆ ನಡೆದುಬಂದು, ಹನ್ನೆರಡು ದಿನಗಳಲ್ಲಿ ಮೊದಲ ಸಲ ತನ್ನ ಮನೆಯ, ಮಕ್ಕಳ ವಿಚಾರ ಮಾತಾಡಿದನು. ಅಲ್ಲಿಯವರೆಗೆ ಅವನಿಗೆ ಎರಡು ಮಕ್ಕಳೆಂಬುದು ನಮಗೆ ಗೊತ್ತಿರಲಿಲ್ಲ.

ಮುದುಕರು ನಮ್ಮನ್ನು ಬೀಳ್ಕೊಡುವಾಗ ಆಡಿದ ಇನ್ನೊಂದು ಮಾತು ನನ್ನನ್ನು ಬಿಡದೆ ಕಾಡುತ್ತಿದೆ. ಅವರ ಊರಿನಲ್ಲಿ ಮೊದಲು ಮನೆಗೊಂದು ಜೊತೆ ಎತ್ತು ಇದ್ದವಂತೆ. ಈಗ ಬೆರಳೆಣಿಕೆಯಷ್ಟು ಮನೆಗಳಲ್ಲಿ ಮಾತ್ರ. ಉಳಿದದ್ದೆಲ್ಲ ಟ್ರ್ಯಾಕ್ಟರಿನ ಕೆಲಸ. ಮಗನ ಟ್ರ್ಯಾಕ್ಟರಿನ ಕಡೆ ಕೋಲು ತೋರಿಸಿ, “ಅದಕ್ಕ ಸೋಮವಾರ ಇಲ್ರಿ. ಅದು ನಿಲ್ಲಂಗಿಲ್ಲ, ಅದರ ಮ್ಯಾಲ ಕುಂತಾವನೂ ನಿಲ್ಲಂಗಿಲ್ಲ” ಎಂದರು. ಯಂತ್ರ ಕೆಟ್ಟದ್ದೆಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆ ದಿನ ಬುತ್ತಿ ಹೊತ್ತು ತಂದು ಎತ್ತಿನ ಬಿಡುವನ್ನು ಕಾದುಕೊಟ್ಟದ್ದು ಅದೇ ಟ್ರ್ಯಾಕ್ಟರು. ಆದರೆ ಎತ್ತು ಹೋದ ಮೇಲೆ ಅದರೊಡನೆ ಸೋಮವಾರವೂ ಹೋಗಿಬಿಟ್ಟರೆ, ನೊಗ ಇಳಿಸಬೇಕಾದ ದಿನವೊಂದಿದೆ ಎಂಬ ನೆನಪನ್ನು ಮಾಡಿಕೊಡುವವರು ಯಾರು?

ತಾವು ಮಿತ್ರರನ್ನು ಕೂಡಿಕೊಂಡು ದೂರದ ಬೈಸಿಕಲ್ ಪ್ರವಾಸಕ್ಕೆ ಹೊರಡುವವರಾದರೆ ನನ್ನ ಅನುಭವದಿಂದ ಎರಡು ಮಾತು ಹೇಳಬಹುದು. ಆರೇಳು ದಿನಗಳಿಗೆ ಒಮ್ಮೆಯಾದರೂ ಒಂದು ಪೂರ್ಣ ದಿನ ನಿಲ್ಲಿರಿ. ಆ ದಿನ ಚೆನ್ನಾಗಿ ಉಣ್ಣಿರಿ, ಮಲಗಿರಿ, ಸರಪಣಿಗೆ ಎಣ್ಣೆ ಬಿಡಿರಿ, ಸ್ವಲ್ಪ ಕಾಲಾಡಿಸಿರಿ. ಇದು ಮೊದಲನೆಯ ಮಾತು. ಯಾವ ಪುಸ್ತಕದಲ್ಲಿಯಾದರೂ ಸಿಕ್ಕುತ್ತದೆ. ಎರಡನೆಯದು, ಆ ದಿನ ಬೆಳಗ್ಗೆ ನಿಮ್ಮ ತಂಡದವರನ್ನು ಒಮ್ಮೆ ಎಣಿಸಿರಿ. ಎಣಿಸುವ ಮೊದಲು, ಪೆಡಲು ತುಳಿಯದೆಯೇ ನಿಮ್ಮ ಪ್ರವಾಸವನ್ನು ಹೊತ್ತುಕೊಂಡು ಬರುತ್ತಿರುವವರು ಯಾರೆಂದು ಸುತ್ತಲೂ ನೋಡಿರಿ.

ನನ್ನ ಲೆಕ್ಕದ ಪುಸ್ತಕ ಈಗಲೂ ನನ್ನ ಬಳಿ ಇದೆ. ಡಿಸೆಂಬರ್ 30ರ ಮುಂದೆ ಕಿಲೋಮೀಟರಿನ ಕಲಮಿನಲ್ಲಿ ಸೊನ್ನೆಯೆಂದು ಬರೆದುಕೊಂಡಿದ್ದೆನು. ಆಳಂದದಲ್ಲಿ ಅದನ್ನು ಹೊಡೆದು, ಅದರ ಮುಂದೆ ‘ಹನ್ನೆರಡು ಮಂದಿ’ ಎಂದು ಬರೆದೆನು.